ಪಾರ್ವತಮ್ಮನವರ ಮಚ್ಚಿಗೆ ನಾನು ಹಾಕಿದ ಹಿಡಿ

ನನ್ನ ಮೊಮ್ಮಗಳು ನಂದಿನಿ ಅರಸೀಕೆರೆಯ ನನ್ನ ಹಳೆಯ ಅಂಗಡಿಯ ಬಾಗಿಲನ್ನು ಮತ್ತೆ ತೆರೆದಿದ್ದಾಳೆ. ಇದನ್ನು ಮೊದಲು ಬರೆದುಬಿಡಬೇಕು, ಇಲ್ಲದಿದ್ದರೆ ಪೆನ್ನು ಮುಂದಕ್ಕೆ ಹೋಗುವುದಿಲ್ಲ. ಹಾಸನದಲ್ಲಿ ಎರಡು ವರ್ಷ ಮರಗೆಲಸ ಕಲಿತು ಬಂದವಳು ಒಂದು ಬೆಳಿಗ್ಗೆ ತಾನಾಗಿಯೇ, "ತಾತ, ಅಂಗಡಿ ಬೀಗದ ಕೈ ಕೊಡಿ" ಎಂದಳು. ಆ ದಿನ ನನಗೆ ಊಟವೇ ಸೇರಲಿಲ್ಲ, ಹೊಟ್ಟೆ ತುಂಬಿಹೋಗಿತ್ತು. ಈಗ ಅಲ್ಲಿ ಬೋರ್ಡಿದೆ: "ಮಚ್ಚು, ಚಾಕು, ಸೌಟು, ಜಾಲರಿಗೆ ಮರದ ಹಿಡಿ ಹಾಕಿಕೊಡುತ್ತೇವೆ." ನಾನು ರಸ್ತೆಯ ಆ ಕಡೆ ನಿಂತು ಓದಿದೆ. ಈ ಕಡೆ ಬಂದು ಇನ್ನೊಮ್ಮೆ ಓದಿದೆ. ಎದುರಿನ ಟೀ ಅಂಗಡಿಯ ರಂಗಪ್ಪ ಕೂಗಿದ:

"ಏನ್ ಆಚಾರ್ರೇ, ಬೋರ್ಡು ಕಾಯೋ ಕೆಲಸ ಸಿಕ್ತಾ?"

"ಹೂಂ ಕಣಯ್ಯ. ನಿನ್ನ ಟೀಗಿಂತ ಸಿಹಿಯಾಗೈತೆ ಈ ಕೆಲಸ."

ನಂದಿನಿಯ ಜೊತೆ ಕಲಿತ ಇನ್ನೂ ಮೂವರು ಈ ಕಸುಬಿಗೆ ಇಳಿಯುತ್ತಿದ್ದಾರೆ. ಭಾನುವಾರ ಬಂದು ಕೂತು ಅದು ಹೇಗೆ ತಾತ, ಇದು ಹೇಗೆ ತಾತ ಎನ್ನುತ್ತಾರೆ. ಬರೆದೇ ಕೊಡಿ ಎಂದಳು ನಂದಿನಿ. ನಾನು ನಾಲ್ಕನೆಯ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವನು. ಬರೆದದ್ದನ್ನು ಅವಳೇ ತಿದ್ದುತ್ತಾಳೆ. ಆದರೆ ಒಂದು ಮಾತು ಹೇಳಿಯೇ ಶುರು ಮಾಡುತ್ತೇನೆ. ಸಂತೋಷದಲ್ಲಿ ಕೂತು ಬರೆಯುತ್ತಿದ್ದರೂ ಬರೆಯಬೇಕಾದ್ದು ಸಂತೋಷದ ಸಂಗತಿಯಲ್ಲ. ನಾನು ಆಡಿದ ಒಂದೇ ಒಂದು ಮಾತಿನಿಂದ ಬಾಣಾವರದ ಒಬ್ಬ ಹೆಣ್ಣುಮಗಳ ಕೈಗೆ ಕೆಟ್ಟ ಹೆಸರು ಬಂತು. ಆ ಹೆಸರು ಅವರ ಯೌವನವನ್ನೆಲ್ಲ ತಿಂದಿತು. ಅದನ್ನು ತೊಳೆಯಲು ಆಗುತ್ತದೋ ಇಲ್ಲವೋ ಎಂಬುದೇ ನನ್ನ ಕೊನೆಗಾಲದ ಚಿಂತೆಯಾಗಿತ್ತು.

ನಾನು ಕೆಲಸ ಕಲಿತದ್ದು ಹಳೇಬೀಡಿನಲ್ಲಿ, ಸೋದರಮಾವ ಕಾಳಾಚಾರ್ರ ಹತ್ತಿರ. ಊರಿನಲ್ಲಿ ಕಲ್ಲು ಕೆತ್ತುವವರಿಗೆ ಇದ್ದ ಮರ್ಯಾದೆ ನಮಗಿರಲಿಲ್ಲ. ನೋಡಲು ಬಂದವರೆಲ್ಲ ಗುಡಿಯ ಗೋಡೆ ನೋಡಿ ಹೋಗುತ್ತಿದ್ದರು, ಸೌಟಿನ ಹಿಡಿಯನ್ನು ಯಾರು ನೋಡುತ್ತಾರೆ? ಮಾವನದು ಮಾತು ಕಡಿಮೆ. ಹಿಡಿ ಮುಗಿಸಿ ಕೊಟ್ಟರೆ ಕೈಯಲ್ಲಿ ಸವರುತ್ತಿರಲಿಲ್ಲ, ಕಣ್ಣು ಮುಚ್ಚಿ ಕೆನ್ನೆಗೆ ಒತ್ತಿಕೊಳ್ಳುತ್ತಿದ್ದರು. ಕೆಲಸ ಮಾಡಿ ಜಡ್ಡುಗಟ್ಟಿದ ಅಂಗೈಗೆ ಸಿಬಿರು ಗೊತ್ತಾಗುವುದಿಲ್ಲ, ಕೆನ್ನೆಗೆ ಗೊತ್ತಾಗುತ್ತದೆ. ಸರಿಯಿಲ್ಲದಿದ್ದರೆ ಬಯ್ಯುತ್ತಲೂ ಇರಲಿಲ್ಲ. ಒಲೆಗೆ ಹಾಕುತ್ತಿದ್ದರು. ಮೊದಲ ವರ್ಷ ಮಾವನ ಮನೆಯ ಸ್ನಾನದ ನೀರೆಲ್ಲ ನನ್ನ ಹಿಡಿಗಳಲ್ಲೇ ಕಾದದ್ದು.

ಹಿಡಿ ಹಾಕುವುದೆಂದರೆ ಏನು ಮಹಾ ಎನ್ನುತ್ತಾರೆ. ಮಚ್ಚಿಗೆ ಜಾಲಿ ಬೇಕು, ಸೌಟಿಗೆ ಹುಣಸೆ. ಎರಡೂ ಒಂದು ವರ್ಷವಾದರೂ ನೆರಳಲ್ಲಿ ಒಣಗಿರಬೇಕು. ಮಚ್ಚಿನ ಹಿಂದೆ ಚೂಪಾದ ಬಾಲವೊಂದಿರುತ್ತದೆ. ಅದನ್ನು ಕೆಂಪಗೆ ಕಾಯಿಸಿ ಮರದೊಳಕ್ಕೆ ಸುಡುತ್ತಾ ಇಳಿಸಬೇಕು. ಒಂದೇ ಸಲಕ್ಕೆ ಇಳಿಸಿದರೆ ಮರ ಸೀಳುತ್ತದೆ. ಮೂರು ಸಲ ಕಾಯಿಸಿ, ಮೂರು ಸಲ ಇಳಿಸಿ, ಕೊನೆಗೆ ಅರಗು ಮತ್ತು ಇಟ್ಟಿಗೆ ಪುಡಿ ತುಂಬಿ ಕೂರಿಸಬೇಕು. ಹಿಡಿಯ ಕುತ್ತಿಗೆಗೆ ಹಿತ್ತಾಳೆ ಬಳೆ. ಮರ ಸುಟ್ಟ ಹೊಗೆ ಕಣ್ಣಿಗೆ ಹೋಗಿ ಹೋಗಿ ನನ್ನ ಕಣ್ಣು ಹಾಳಾಯಿತು. ನಂದಿನಿ ಈಗ ಕನ್ನಡಕ ಹಾಕಿ ಫ್ಯಾನ್ ಹಚ್ಚಿಕೊಳ್ಳುತ್ತಾಳೆ. ಒಳ್ಳೆಯದಾಯಿತು.

ಮೊದಲ ತಪ್ಪನ್ನು ನಗುತ್ತಾ ಹೇಳಬಹುದು. ಗೆಂಡೆಹಳ್ಳಿಯ ಮದುವೆಮನೆಯವರು ಪಾಯಸದ ದೊಡ್ಡ ಸೌಟಿಗೆ ಹಿಡಿ ಬೇಕೆಂದು ಅವಸರದಲ್ಲಿ ಬಂದರು. ಮಾವ ಊರಲ್ಲಿರಲಿಲ್ಲ. ಒಣಗಿದ ಮರವೂ ಇರಲಿಲ್ಲ. ಹಿತ್ತಲಲ್ಲಿ ಅವತ್ತೇ ಕಡಿದ ಬೇವಿನ ಕೊಂಬೆ ಬಿದ್ದಿತ್ತು. ಅದನ್ನೇ ಕೆತ್ತಿ, ಒಂದೇ ಸಲಕ್ಕೆ ಸುಟ್ಟು ಇಳಿಸಿ ಕೊಟ್ಟುಬಿಟ್ಟೆ. ಪಾಯಸ ಕುದಿಯುವಾಗ ಹಸಿ ಮರ ಬೆವರಿತು, ಅರಗು ಕರಗಿತು, ಹಿಡಿ ಕಳಚಿ ಕೊಪ್ಪರಿಗೆಗೆ ಬಿತ್ತು. ಹುಡುಕಿ ತೆಗೆಯುವ ಹೊತ್ತಿಗೆ ಬೇವು ತನ್ನ ಕೆಲಸ ಮಾಡಿಯಾಗಿತ್ತು. ಮೊದಲ ಪಂಕ್ತಿಯಲ್ಲೇ ಒಬ್ಬ ಎದ್ದು ನಿಂತನಂತೆ.

"ಏನ್ಲಾ ಇದು, ಪಾಯಸಾನೋ ಕಷಾಯಾನೋ? ಮದುವೆಗೆ ಕರೆದ್ರೋ ಜ್ವರಕ್ಕೆ ಕರೆದ್ರೋ?"

ಮಾವ ಬಂದ ಮೇಲೆ ನನ್ನನ್ನು ಕರೆದುಕೊಂಡು ಆ ಮನೆಗೆ ಹೋದರು. ಬಾಗಿಲಲ್ಲೇ ನಿಂತು, "ತಪ್ಪು ಹಿಡೀದು, ಅಡಿಗೆಯವ್ರದಲ್ಲ" ಎಂದರು. ಆಗಲೇ ಅಡಿಗೆಯವನನ್ನು ಎಲ್ಲರೂ ಬೈದು ಮುಗಿಸಿದ್ದರು. ಹಾಗೆ ನಾಲ್ಕು ಜನರ ಮುಂದೆ ಹೇಳುವುದೂ ಕಸುಬಿನ ಭಾಗ ಎಂದು ನನಗೆ ಅಂದೇ ತಿಳಿಯಬೇಕಾಗಿತ್ತು. ನನಗೆ ಕಂಡದ್ದು ಮಾವನಿಗಾದ ಅವಮಾನ ಮಾತ್ರ.

ಮದುವೆಯಾದ ಮೇಲೆ ಅರಸೀಕೆರೆಗೆ ಬಂದು ಸಂತೆ ಬೀದಿಯಲ್ಲಿ ಅಂಗಡಿ ಹಾಕಿದೆ. ಇದು ತೆಂಗಿನ ಸೀಮೆ. ಮಚ್ಚಿಲ್ಲದ ಅಡಿಗೆಮನೆ ಇರಲಿಲ್ಲ. ನಾನು ಒಂದು ಹೊಸ ಪದ್ಧತಿ ಮಾಡಿಕೊಂಡೆ. ಕೆರೆಯ ಜೇಡಿಮಣ್ಣನ್ನು ಹದವಾಗಿ ನಾದಿ, ಹಿಡಿ ಮಾಡಿಸಲು ಬಂದವರ ಕೈಗೆ ಒಂದು ಉಂಡೆ ಕೊಟ್ಟು, "ಮಚ್ಚು ಹಿಡಿದಂಗೆ ಹಿಡೀರಿ" ಎನ್ನುತ್ತಿದ್ದೆ. ಬೆರಳಿನ ಅಚ್ಚು ಬೀಳುತ್ತಿತ್ತು. ಆ ಅಚ್ಚಿನಂತೆ ಹಿಡಿಗೆ ಹೊಟ್ಟೆ ಬಿಟ್ಟು, ಹೆಬ್ಬೆರಳು ಕೂರಲು ಪಕ್ಕದಲ್ಲಿ ಒಂದು ತಗ್ಗು ಕೆತ್ತುತ್ತಿದ್ದೆ. ಆ ತಗ್ಗು ನನ್ನ ಹೆಮ್ಮೆ. "ಆಚಾರ್ರ ಹಿಡಿ ಕೈಗೇ ಹುಟ್ಟಿದಂಗೈತೆ" ಎಂದು ಹೆಂಗಸರು ಹೇಳುವಾಗ ನಾನು ತಲೆ ತಗ್ಗಿಸಿಕೊಂಡು ಉಬ್ಬುತ್ತಿದ್ದೆ.

ಬಾಣಾವರದ ಒಂದು ಕೊಬ್ಬರಿ ವ್ಯಾಪಾರದ ಮನೆಯಿಂದ ಬಸಮ್ಮನವರು ಬಂದದ್ದು ಆ ಕಾಲದಲ್ಲಿ. ಹಣೆ ತುಂಬ ವಿಭೂತಿ, ಗಟ್ಟಿ ದನಿ. ಅವರ ಅತ್ತೆಯ ಕಾಲದ ಮಚ್ಚು, ಉಕ್ಕು ಇನ್ನೂ ಚಿನ್ನದಂತಿತ್ತು, ಹಿಡಿ ಮಾತ್ರ ಹುಳ ತಿಂದಿತ್ತು. ಅವರ ಹಿಂದೆ ಹೊಸ ಸೊಸೆ ಪಾರ್ವತಮ್ಮ ನಿಂತಿದ್ದರು. ಬಸಮ್ಮನವರು ತಿರುಗದೆಯೇ ಕೈ ಚಾಚಿ "ತಗಾ ಮಚ್ಚು" ಎಂದಾಗ ಸೊಸೆ ಚೀಲದಿಂದ ತೆಗೆದುಕೊಟ್ಟರು. ಕೊಟ್ಟದ್ದು ಎಡಗೈಯಲ್ಲಿ.

"ಎಷ್ಟು ಸಲ ಹೇಳ್ಲಿ ನಿಂಗೆ? ಬಲಗೈ ಏನು ಅಡ ಇಟ್ಟಿದೀಯಾ?" ಎಂದರು ಬಸಮ್ಮನವರು.

ಇದನ್ನು ನಾನು ನೋಡಿದೆ, ಕೇಳಿದೆ. ಆಮೇಲೆ ಜೇಡಿಮಣ್ಣಿನ ಉಂಡೆಯನ್ನು ಬಸಮ್ಮನವರ ಬಲಗೈಗೆ ಕೊಟ್ಟೆ. ನಮ್ಮ ಕಡೆ ಆಗೆಲ್ಲ ಹಾಗೆಯೇ. ಮಾಡಿಸುವವರು ಅತ್ತೆ, ಅಳತೆಯೂ ಅತ್ತೆಯದು. ಕೆಲಸ ಮಾಡುವ ಕೈ ಹಿಂದೆ ಚೀಲ ಹಿಡಿದು ನಿಂತಿರುತ್ತಿತ್ತು. ಸೊಸೆ ಒಂದು ಹೆಜ್ಜೆ ಮುಂದೆ ಬಂದು, "ಕಾಯಿ ಒಡೆಯೋದು ನಾನು..." ಎಂದರು. ಅತ್ತೆ ತಿರುಗಿ ನೋಡಿದ್ದೇ ತಡ, ಆ ಮಾತು ಅಲ್ಲೇ ನಿಂತಿತು. ನಾನು ಕೇಳಿಸಿಕೊಳ್ಳದವನಂತೆ ಮಣ್ಣು ಒರೆಸಿದೆ.

ಹಿಡಿ ಬಹಳ ಚೆನ್ನಾಗಿ ಬಂತು. ಬಲಗೈಗೆ. ನಮ್ಮ ಮನೆಗಳಲ್ಲಿ ಕಾಯಿಯನ್ನು ಒಂದು ಅಂಗೈಯಲ್ಲಿ ಹಿಡಿದು ಮಚ್ಚಿನ ಬೆನ್ನಿನಿಂದ ಸುತ್ತಲೂ ಬಡಿದು ಒಡೆಯುತ್ತಾರೆ. ಪಾರ್ವತಮ್ಮ ಕಾಯಿಯನ್ನು ಬಲಗೈಯಲ್ಲಿ, ಮಚ್ಚನ್ನು ಎಡಗೈಯಲ್ಲಿ ಹಿಡಿಯುತ್ತಿದ್ದರು. ಎಡಗೈಗೆ ನನ್ನ ತಗ್ಗು ತಪ್ಪು ಪಕ್ಕದಲ್ಲಿತ್ತು. ಹಿಡಿಯ ಹೊಟ್ಟೆ ಬೆರಳುಗಳನ್ನು ಹೊರಕ್ಕೆ ನೂಕುತ್ತಿತ್ತು. ತಿಂಗಳು ತುಂಬುವ ಮೊದಲೇ ಒಂದು ಸೋಮವಾರ ಮಚ್ಚು ಅವರ ಕೈಯಲ್ಲಿ ಹೊರಳಿ, ಬಾಯಿ ಕೆಳಗಾಗಿ, ಬಲಗೈ ಹೆಬ್ಬೆರಳಿನ ಬುಡಕ್ಕೆ ಬಿತ್ತು. ನರ ಕತ್ತರಿಸಿಹೋಯಿತು. ಆ ಹೆಬ್ಬೆರಳು ಮತ್ತೆ ಮಡಚಲಿಲ್ಲ.

ಬಸಮ್ಮನವರು ಮಚ್ಚು ತೊಳೆದು ಬಟ್ಟೆಯಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದರು. ಜೊತೆಯಲ್ಲಿ ಮಗ ಚನ್ನಬಸಪ್ಪನವರು, ಪಾರ್ವತಮ್ಮನವರ ಗಂಡ. ಅಂಗಡಿಯಲ್ಲಿ ಇನ್ನೂ ನಾಲ್ಕು ಗಿರಾಕಿಗಳಿದ್ದರು, ಎಲ್ಲರೂ ದೊಡ್ಡ ಮನೆಗಳವರು.

"ಆಚಾರ್ರೇ, ಸತ್ಯ ಹೇಳಿ. ತಪ್ಪು ಹಿಡೀದೋ, ಕೈದೋ?"

ನಾನು ಮಚ್ಚನ್ನು ಎಡಗೈಗೆ ತೆಗೆದುಕೊಂಡೆ. ತಕ್ಷಣ ತಿಳಿಯಿತು. ಯಾರ ಕೈ ಎಂದು ಕೇಳದೆ ಮಾಡಿದ ಹಿಡಿ ಅದು. ಹಾಗೆಂದು ಹೇಳಿದರೆ ನಾಲ್ಕು ಮನೆಗಳವರು ಎದ್ದು ಹೋಗುತ್ತಾರೆ ಎಂದು ಹೆದರಿದೆ. ಮಚ್ಚನ್ನು ಬಲಗೈಗೆ ಬದಲಾಯಿಸಿ, ಗಾಳಿಯಲ್ಲಿ ಒಮ್ಮೆ ಬೀಸಿ ತೋರಿಸಿ ಹೇಳಿದೆ:

"ಹಿಡಿ ಸರಿಯಾಗೈತೆ ಕಣಮ್ಮ. ಎಡಗೈಲಿ ಹಿಡಿದ್ರೆ ಯಾವ ಹಿಡಿ ತಾನೆ ನಿಂತಾತು?"

"ನಾನು ಹೇಳ್ಲಿಲ್ವೇನೋ ಚನ್ನಬಸಪ್ಪಾ?" ಎಂದರು ಬಸಮ್ಮನವರು ಮಗನ ಕಡೆ ತಿರುಗಿ. ಮಗ ಹೌದೆಂದು ತಲೆಯಾಡಿಸಿದರು. ಅಷ್ಟೇ. ಗಿರಾಕಿಗಳು ಯಾರೂ ಏಳಲಿಲ್ಲ.

ಆಮೇಲಿನದು ನನಗೆ ಅವರಿವರ ಬಾಯಿಂದ ತಿಳಿಯುತ್ತಾ ಬಂತು. ಆ ಎಡಗೈಯ ಗುಣವೇ ಕೆಟ್ಟದ್ದು ಎಂಬ ಮಾತು ಊರೆಲ್ಲ ಹಬ್ಬಿತು. ಪಾರ್ವತಮ್ಮನವರನ್ನು ಒಲೆಯ ಮುಂದಿನಿಂದ ಎಬ್ಬಿಸಿ ಕೊಬ್ಬರಿ ಅಟ್ಟದ ಕೆಲಸಕ್ಕೆ ಹಾಕಿದರು. ಹಬ್ಬದಲ್ಲಿ ಅವರ ಕೈಯಿಂದ ಕಾಯಿ ಒಡೆಸುತ್ತಿರಲಿಲ್ಲ, ಅರಿಶಿನ ಕುಂಕುಮ ಕೊಡಿಸುತ್ತಿರಲಿಲ್ಲ. ನೆರೆಮನೆಯ ಮಗು ಬಿದ್ದರೂ "ಆ ಕೈ ಎತ್ತಿಕೊಂಡಿತ್ತಾ?" ಎಂದು ಕೇಳುವವರಾದರು. ಬಾಣಾವರದ ಮೇಲೆ ರೈಲಿನಲ್ಲಿ ಹೋಗುವಾಗೆಲ್ಲ ನಾನು ಸ್ಟೇಷನ್ ಇರದ ಕಡೆಯ ಕಿಟಕಿಗೆ ಕೂರುತ್ತಿದ್ದೆ, ಊರು ಕಾಣದಂತೆ. ಇಳಿದು ಹೋಗಿ ಹೇಳಿಬಿಡಬೇಕೆಂದು ಎಷ್ಟೋ ಸಲ ಎದ್ದು ನಿಂತಿದ್ದೇನೆ. ರೈಲು ಅಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಕೂತಿದ್ದೇನೆ.

ಕಸುಬೂ ನನ್ನನ್ನು ಹೆಚ್ಚು ದಿನ ಕಾಯಲಿಲ್ಲ. ಪ್ಲಾಸ್ಟಿಕ್ ಹಿಡಿಯ ಚಾಕು ಬಂತು, ಇಡೀ ಸ್ಟೀಲಿನ ಸೌಟು ಬಂತು. ತುರಿದ ಕಾಯಿಯೇ ಪೊಟ್ಟಣದಲ್ಲಿ ಬಂತು. ಅಜ್ಜಿಯರ ಮಚ್ಚುಗಳನ್ನು ಮನೆಯವರೇ ಗುಜರಿಗೆ ಹಾಕಿದರು. ಗುಜರಿ ಗಾಡಿಯಲ್ಲಿ ನನ್ನ ಹಿಡಿಗಳು ಹಲ್ಲು ಕಿರಿದುಕೊಂಡು ಹೋಗುವುದನ್ನು ನೋಡುತ್ತಾ ಅಂಗಡಿಯಲ್ಲಿ ಕೂತಿರುತ್ತಿದ್ದೆ. ಕೈ ನಡುಗಲು ಶುರುವಾದಾಗ ಬೀಗ ಹಾಕಿದೆ. ಬೇಜಾರಾಗಲಿಲ್ಲ. ಇನ್ನು ಯಾರ ಕೈಯನ್ನೂ ಕೆಡಿಸುವುದಿಲ್ಲವಲ್ಲ ಎನ್ನಿಸಿತು.

ಆ ಬೀಗವನ್ನೇ ನಂದಿನಿ ತೆಗೆದದ್ದು. ಈಗ ಹಳೆಯ ಉಕ್ಕಿನ ಬೆಲೆ ತಿಳಿದವರು ಮತ್ತೆ ಬರುತ್ತಿದ್ದಾರೆ. ಅವಳು ಮರವನ್ನು ತಿರುಗಿಸಿ ಕಡೆಯುವ ಕರೆಂಟಿನ ಕಡಸಲ ಹಾಕಿದ್ದಾಳೆ, ನಾನು ಅರ್ಧ ದಿನ ಮಾಡುತ್ತಿದ್ದುದನ್ನು ಕಾಫಿ ಆರುವುದರೊಳಗೆ ಮಾಡುತ್ತಾಳೆ. ಆದರೆ ಜೇಡಿಮಣ್ಣು ಬಿಟ್ಟಿಲ್ಲ, ಮುಗಿಸಿದ ಹಿಡಿಯನ್ನು ಕೆನ್ನೆಗೆ ಒತ್ತಿಯೇ ಕೊಡುತ್ತಾಳೆ. ನೋಡಿ ನೋಡಿ ನನ್ನ ಕಣ್ಣು ತುಂಬುತ್ತದೆ, ಹೊಗೆ ಕಣೇ ಎನ್ನುತ್ತೇನೆ.

ಹೋದ ಕಾರ್ತಿಕದಲ್ಲಿ ಒಂದು ಮಧ್ಯಾಹ್ನ ಒಬ್ಬ ಹೆಣ್ಣುಮಗಳು ಬಂದಳು. ಬಾಣಾವರದ ಶಾಲೆಯಲ್ಲಿ ಟೀಚರು, ಹೆಸರು ರೂಪಾ. ಅಟ್ಟ ಗುಡಿಸುವಾಗ ಸಿಕ್ಕಿತೆಂದು ಒಂದು ಮಚ್ಚು ತೆಗೆದಿಟ್ಟಳು. ನಾನು ಮೂಲೆಯ ಸ್ಟೂಲಿನಲ್ಲಿದ್ದೆ. ಬಸಮ್ಮನವರು ತಂದಿದ್ದ ಮಚ್ಚೇ ಎಂದು ಅಲ್ಲಿಂದಲೇ ಗುರುತು ಸಿಕ್ಕಿತು.

ನಂದಿನಿ ಕೇಳಿದಳು: "ಇದನ್ನ ಹಿಡಿಯೋರು ಯಾರು? ಯಾವ ಕೈ?"

ನಾನು ಕೇಳಬೇಕಾಗಿದ್ದ ಮಾತು. ಅವಳು ಎಲ್ಲರನ್ನೂ ಕೇಳುತ್ತಾಳೆ, ಕಲಿಸಿಕೊಟ್ಟವನು ನಾನೇ. ಏಕೆ ಕಲಿಸಿದೆ ಎಂದು ಹೇಳಿರಲಿಲ್ಲ.

"ನಮ್ಮತ್ತೆ. ಎಡಗೈ" ಎಂದಳು ರೂಪಾ. "ನಮ್ಮ ಮನೇಲಿ ಅವರ ಕೈಗೆ ಮಚ್ಚು ಮುಟ್ಟಿಸಲ್ಲ. ಸೌತೆಕಾಯಿ ಹೆಚ್ಚೋಕೂ ಮಾವ ಬಿಡಲ್ಲ, ಆ ಕೈ ಕೆಟ್ಟದ್ದು ಅಂತ. ನಾನೇ ಮುಟ್ಟಿಸ್ಬೇಕು ಅಂತಿದೀನಿ. ನೋಡೋಣ."

ನಂದಿನಿ ಪ್ಲಾಸ್ಟಿಕ್ ಚೀಲದಲ್ಲಿ ಜೇಡಿಮಣ್ಣು ಕೊಟ್ಟು, ಅತ್ತೆಯ ಎಡಗೈ ಅಚ್ಚು ತರಲು ಹೇಳಿದಳು. ರೂಪಾ ಹೋದ ಮೇಲೆ ನಾನು ಎಲ್ಲವನ್ನೂ ಮೊಮ್ಮಗಳ ಮುಂದೆ ಹೇಳಿದೆ. ಅವಳು ಕಡಸಲ ನಿಲ್ಲಿಸಿ ಕೇಳಿದಳು. ನನ್ನನ್ನು ಬಿಟ್ಟು ಬೇರೆಲ್ಲ ಕಡೆ ನೋಡಿದಳು. ಜೀವಮಾನದಲ್ಲಿ ಅಷ್ಟು ಕಷ್ಟದ ಗಳಿಗೆ ನನಗೆ ಬೇರೆ ಇಲ್ಲ.

"ಹಿಡಿ ನಾನು ಮಾಡ್ತೀನಿ ತಾತ" ಎಂದಳು ಕೊನೆಗೆ. "ಆ ಮಾತು ಮಾತ್ರ ನೀವೇ ಹೋಗಿ ಹೇಳ್ಬೇಕು. ಅವರ ಗಂಡನ ಮುಂದೆ."

ರೂಪಾ ಅಚ್ಚು ತಂದುಕೊಟ್ಟಳು, ನಂದಿನಿ ಹಿಡಿ ಮುಗಿಸಿದಳು, ವಾರ ಬಿಟ್ಟು ನಾವಿಬ್ಬರೂ ಬಾಣಾವರಕ್ಕೆ ಹೋದೆವು. ಬಸಮ್ಮನವರು ತೀರಿಹೋಗಿ ಬಹಳ ವರ್ಷವಾಗಿತ್ತು. ಚನ್ನಬಸಪ್ಪನವರು ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದರು. ಪಾರ್ವತಮ್ಮ ಬಾಗಿಲಲ್ಲಿ ನಿಂತರು. ನೆರೆತ ಕೂದಲು. ಬಲಗೈಯನ್ನು ಸೆರಗಿನ ಒಳಗಿಟ್ಟುಕೊಂಡಿದ್ದರು. ನಾನು ಕೂರಲಿಲ್ಲ.

"ಯಜಮಾನ್ರೇ, ನಾನು ಅರಸೀಕೆರೆ ಆಚಾರಿ. ಆವತ್ತು ಈ ತಾಯಿ ಕೈ ಕುಯ್ದಾಗ ಹಿಡಿ ಸರಿಯಾಗೈತೆ ಅಂದಿದ್ದೆ. ಸುಳ್ಳು ಹೇಳಿದ್ದೆ. ಇವರು ಎಡಗೈ ಅಂತ ಗೊತ್ತಿದ್ದೂ ಬಲಗೈ ಹಿಡಿ ಮಾಡಿದ್ದೆ. ತಪ್ಪು ಹಿಡೀದು. ಇವರ ಕೈದಲ್ಲ."

ಅವರು ಪೇಪರು ಮಡಚಿ ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕರು.

"ಕೂತ್ಕಳಿ ಆಚಾರ್ರೇ. ವಯಸ್ಸಾದ ಮೇಲೆ ಎಲ್ಲಾನೂ ಮೈಮೇಲೆ ಎಳ್ಕಬೇಕು ಅನ್ನಿಸ್ತೈತೆ. ನೀವು ದೊಡ್ಡ ಮನಸ್ಸಿನೋರು. ಅದು ಇವಳ ಕೈ ಗುಣ ಬಿಡಿ, ನಮಗೆ ಗೊತ್ತಿಲ್ವಾ."

ನಾನು ಮತ್ತೆ ಹೇಳಿದೆ. ಅವರು ಮತ್ತೆ ನಕ್ಕು, ಕಾಫಿ ತರಲು ಒಳಗೆ ಕೂಗಿದರು. ಆಗ ಪಾರ್ವತಮ್ಮ ಮಾತಾಡಿದರು. ದನಿ ಏರಿರಲಿಲ್ಲ.

"ಆವತ್ತು ಸುಳ್ಳನ್ನ ಒಂದೇ ಮಾತಿಗೆ ನಂಬಿದ್ರಿ. ಇವತ್ತು ಎರಡು ಸಲ ನಿಜ ಹೇಳ್ತಾವ್ರೆ." ಆಮೇಲೆ ನನ್ನ ಕಡೆ ತಿರುಗಿದರು. "ನೀವು ತಡ ಮಾಡಿದ್ರಿ ಆಚಾರ್ರೇ. ಮದುವೆಯಾದ ಮಗಳಿಗೆ ಮಡಿಲು ಕೂಡ ತುಂಬಿಲ್ಲ ನಾನು ಈ ಕೈಲಿ."

ಕ್ಷಮಿಸಿ ಎಂದು ಕೇಳಲು ಬಾಯಿ ಬರಲಿಲ್ಲ. ಈಗಲೂ ಕೇಳಿಲ್ಲ. ಕೇಳುವಷ್ಟು ಸಣ್ಣದಲ್ಲ ಅದು.

ನಂದಿನಿ ಹೊಸ ಹಿಡಿಯ ಮಚ್ಚನ್ನು ಬಟ್ಟೆಯಿಂದ ಬಿಚ್ಚಿ ಅವರ ಎಡಗೈಗೆ ಕೊಟ್ಟಳು. ಪಾರ್ವತಮ್ಮ ಬೆರಳು ಸುತ್ತಿದರು, ಬಿಟ್ಟರು, ಮತ್ತೆ ಸುತ್ತಿದರು. ಹೆಬ್ಬೆರಳು ತನ್ನ ಜಾಗಕ್ಕೆ ಹೋಗಿ ಕೂತಿತು. "ಚೆನ್ನಾಗೈತೆ ಮಗಳೇ" ಎಂದು ಮಚ್ಚನ್ನು ಕಿಟಕಿಯ ಮೇಲಿಡಲು ಹೋದರು. "ಆದ್ರೆ ಕಾಯಿ ಹಿಡಿಯೋಕೆ ಈ ಬಲಗೈ ಬರಲ್ಲವಲ್ಲ."

ರೂಪಾ ಅಡಿಗೆಮನೆಯಿಂದ ಸುಲಿದ ಕಾಯಿಯೊಂದನ್ನು ತಂದಳು. ಅತ್ತೆಯ ಮುಂದೆ ನೆಲದ ಮೇಲೆ ಕೂತು, ಕಾಯಿಯನ್ನು ತನ್ನ ಅಂಗೈಯಲ್ಲಿಟ್ಟು ಚಾಚಿದಳು.

"ಒಡೀರಿ ಅತ್ತೆ."

"ಏ, ಬ್ಯಾಡ ಕಣೇ!" ಚನ್ನಬಸಪ್ಪನವರು ಕುರ್ಚಿಯಿಂದ ಎದ್ದೇಬಿಟ್ಟರು. "ಆ ಕೈಗೆ ನಿನ್ನ ಕೈ ಒಡ್ಡಬ್ಯಾಡ! ರೂಪಾ, ತೆಗೀ ಕೈನ!"

ಪಾರ್ವತಮ್ಮ ಮಚ್ಚು ಹಿಡಿದು ಎತ್ತಿದ್ದ ಕೈ ಕೆಳಗಿಳಿಯಿತು. ಅಷ್ಟು ವರ್ಷ ಹೇಗೆ ಇಳಿಯುತ್ತಿತ್ತೋ ಹಾಗೆಯೇ ಇಳಿಯಿತು. ನನಗೆ ನೋಡಲಾಗಲಿಲ್ಲ. ರೂಪಾ ಮಾವನ ಕಡೆ ನೋಡಲೇ ಇಲ್ಲ, ಕೈಯನ್ನೂ ತೆಗೆಯಲಿಲ್ಲ.

"ಕೈ ನೋಯ್ತೈತೆ ಅತ್ತೆ, ಎಷ್ಟೊತ್ತು ಹಿಡ್ಕಂಡಿರ್ಲಿ?"

ಪಾರ್ವತಮ್ಮ ಅವಳೆದುರು ಕೂತರು. ಮಚ್ಚಿನ ಬೆನ್ನಿನಿಂದ ಒಂದು ಏಟು. ಕಾಯಿ ತಿರುಗಿಸಿದಳು ರೂಪಾ. ಇನ್ನೊಂದು. ಮೂರನೆಯದಕ್ಕೆ ಕಾಯಿ ಸರಿಯಾಗಿ ಎರಡು ಹೋಳಾಗಿ ನೀರು ರೂಪಾಳ ಮೊಣಕೈವರೆಗೆ ಹರಿಯಿತು. ಪಾರ್ವತಮ್ಮ ಒಡೆದ ಕಾಯಿಯನ್ನು ನೋಡಲಿಲ್ಲ, ಗಂಡನನ್ನೂ ನೋಡಲಿಲ್ಲ. ಮಚ್ಚು ಪಕ್ಕಕ್ಕಿಟ್ಟು, ಸೊಸೆಯ ಕೈ ಹಿಡಿದು, ಐದು ಬೆರಳನ್ನೂ ಒಂದೊಂದಾಗಿ ಮುಟ್ಟಿ ಮುಟ್ಟಿ ನೋಡಿದರು.